ಕುದುರೆ ಡಾಕ್ಟರಿಗೆ ಕೇಳಿ: ಝೆನ್ಯಾಟಾ ಸೋತ ಒಂದೇ ಒಂದು ಓಟ

ಹಿಂದಿನ ಸಂಚಿಕೆಯಲ್ಲಿ ಕುದುರೆಗಳ ಕಾಲುನೋವಿನ ಬಗ್ಗೆ ಬರೆಯುತ್ತ ನಡುವೆ ಒಂದು ಮಾತು ಸೇರಿಸಿದ್ದೆ: "ಅಮೆರಿಕದ ಝೆನ್ಯಾಟಾ 20 ಓಟ ಓಡಿ 19 ಗೆದ್ದಳು. ನನ್ನನ್ನು ಕೇಳಿದರೆ ಅವಳ ಅತ್ಯುತ್ತಮ ಓಟ ಅಂದರೆ ಸೋತದ್ದೇ." ಕಾಲುನೋವಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಆ ಒಂದು ಮಾತು ಹಿಡಿದೇ ಬಂದಿವೆ. ಕೆಲವರಿಗೆ ಕುತೂಹಲ, ಕೆಲವರಿಗೆ ಸಿಟ್ಟು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವಳದೇ.

ನಾನು ಪಿಯುಸಿ ಓದುತ್ತಿದ್ದೇನೆ. ರೇಸಿನ ಬಗ್ಗೆ ಏನೂ ಗೊತ್ತಿಲ್ಲ. ಈ ಝೆನ್ಯಾಟಾ ಯಾರು? ಮೊದಲಿಂದ ಹೇಳಿ ಸರ್.

ಮೊದಲಿಂದ ಅಂದರೆ 2004ರ ಏಪ್ರಿಲ್ 1. ಅಮೆರಿಕದ ಕೆಂಟಕಿಯಲ್ಲಿ ಹುಟ್ಟಿದ, ರೇಸಿಗೆಂದೇ ಬೆಳೆಸುವ ಥರೋಬ್ರೆಡ್ ತಳಿಯ ಹೆಣ್ಣು ಮರಿ. ತಂದೆ ಸ್ಟ್ರೀಟ್ ಕ್ರೈ, 2002ರ ದುಬೈ ವರ್ಲ್ಡ್ ಕಪ್ ಗೆದ್ದವನು. ತಾಯಿ ವರ್ಟಿಜಿನೂ. ಮರುವರ್ಷದ ಸೆಪ್ಟೆಂಬರಿನಲ್ಲಿ ಮರಿಯನ್ನು ಕೀನ್‌ಲ್ಯಾಂಡ್ ಹರಾಜಿಗೆ ತಂದರು. ವರ್ಷದ ಮರಿಗಳು ಸಾವಿರಗಟ್ಟಲೆ ಬರುವ ಸಂತೆ ಅದು. ಕುಲ ಚೆನ್ನಾಗಿದ್ದು ನೋಡಲು ಲಕ್ಷಣವಾಗಿದ್ದರೆ ಹತ್ತು ಲಕ್ಷ ಡಾಲರ್ ದಾಟುವುದೂ ಉಂಟು. ಇವಳನ್ನು ಕೂಗಿದ್ದು 60,000 ಡಾಲರಿಗೆ.

ಇಷ್ಟು ಕಡಿಮೆ ಯಾಕೆ ಅಂದರೆ, ಹರಾಜಿನ ಹೊತ್ತಿಗೆ ಅವಳ ಮೈಮೇಲೆ ಚರ್ಮರೋಗವಿತ್ತು. ನಾವು ಹುಳುಕಡ್ಡಿ ಅನ್ನುತ್ತೇವಲ್ಲ, ಅದು. ಎಳೆ ಕುದುರೆಗಳಿಗೆ ಇದು ಬಹಳ ಸಾಮಾನ್ಯ. ಮೊದಲು ಒಂದು ಕಡೆ ಕೂದಲು ಟೋಪಿ ಹಾಕಿದ ಹಾಗೆ ಗುಂಪಾಗಿ ಎದ್ದು ನಿಲ್ಲುತ್ತದೆ. ಬೆರಳಿಂದ ಎಳೆದರೆ ಹೊಟ್ಟಿನ ಸಮೇತ ಕಿತ್ತುಬರುತ್ತದೆ, ಅಡಿಯಲ್ಲಿ ಬೂದುಬಣ್ಣದ ದುಂಡು ಮಚ್ಚೆ. ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ, ಓಟಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಹರಾಜಿನ ಕಟ್ಟೆಯಲ್ಲಿ ನಿಂತವರು ಮೊದಲು ನೋಡುವುದು ಮೈಯ ಹೊಳಪನ್ನೇ. ಡೇವಿಡ್ ಇಂಗೋರ್ಡೊ ಎಂಬ ಕುದುರೆ ಪಾರಖಿ ಮಚ್ಚೆ ಬಿಟ್ಟು ಮೂಳೆ ನೋಡಿದ. ಜೆರ್ರಿ ಮಾಸ್ ಮತ್ತು ಆನ್ ಮಾಸ್ ದಂಪತಿಗಾಗಿ ಅವಳನ್ನು ಆರಿಸಿದ. ಈ ಜೆರ್ರಿ ಮಾಸ್ ಅಂದರೆ ಎ ಅಂಡ್ ಎಂ ರೆಕಾರ್ಡ್ಸ್ ಕಂಪನಿಯ ಸ್ಥಾಪಕರಲ್ಲೊಬ್ಬರು. ತಮ್ಮ ಕಂಪನಿಯಿಂದ 1980ರಲ್ಲಿ ಬಂದ ದಿ ಪೊಲೀಸ್ ತಂಡದ 'ಝೆನ್ಯಾಟಾ ಮಂಡಾಟಾ' ಆಲ್ಬಂನಿಂದ ಅವಳಿಗೆ ಹೆಸರಿಟ್ಟರು.

ಟ್ರೇನರ್ ಜಾನ್ ಶೆರಿಫ್ಸ್. ಲಾಯ ಇದ್ದದ್ದು ಕ್ಯಾಲಿಫೋರ್ನಿಯಾದ ಹಾಲಿವುಡ್ ಪಾರ್ಕಿನಲ್ಲಿ (ಆ ರೇಸ್‌ಕೋರ್ಸ್ ಈಗಿಲ್ಲ, 2013ರ ಡಿಸೆಂಬರಿನಲ್ಲಿ ಮುಚ್ಚಿತು, ಆ ಜಾಗದಲ್ಲಿ ಈಗ ಫುಟ್ಬಾಲ್ ಕ್ರೀಡಾಂಗಣ ಎದ್ದಿದೆ). ಅಮೆರಿಕದಲ್ಲಿ ಎರಡನೇ ವಯಸ್ಸಿಗೇ ಓಡಿಸುವ ಆತುರ. ಇವಳು ಎತ್ತರದ ಆಳು, ಮೂಳೆ ಗಟ್ಟಿಯಾಗಲು ಹೊತ್ತು ಬೇಕಿತ್ತು. ಶೆರಿಫ್ಸ್ ಕಾದರು. ಮೊದಲ ಓಟ 2007ರ ನವೆಂಬರ್ 22ರಂದು, ಮೂರನೇ ವಯಸ್ಸು ಮುಗಿಯುತ್ತ ಬಂದಾಗ. ಗೇಟಿನಿಂದ ನಿಧಾನವಾಗಿ ಹೊರಬಂದು ಹಿಂದೆ ಉಳಿದಳು, ಕೊನೆಗೆ ಎಲ್ಲರನ್ನೂ ದಾಟಿ ಗೆದ್ದಳು. ಅಲ್ಲಿಂದ ಮುಂದೆ ಮೂರು ವರ್ಷ ಅವಳ ಕತೆ ಹೆಚ್ಚುಕಡಿಮೆ ಇದೇ.

ನನ್ನನ್ನು ಕೇಳಿದರೆ ಅವಳ ಅರ್ಧ ಗೆಲುವು ಆ ಕಾಯುವಿಕೆಯಲ್ಲೇ ಇದೆ. ಎಳೆ ಮೊಣಕಾಲನ್ನು ಎಕ್ಸ್‌ರೇಯಲ್ಲಿ ನೋಡಿದವರಿಗೆ ಗೊತ್ತು, ಮೂಳೆಯ ತುದಿಯಲ್ಲಿ ಬೆಳವಣಿಗೆಯ ಗೆರೆ ಇನ್ನೂ ತೆರೆದೇ ಇರುತ್ತದೆ. ಮಾಲೀಕರಿಗೆ ಅದನ್ನು ತೋರಿಸಿದರೆ ತಲೆಯಾಡಿಸುತ್ತಾರೆ, ಮರುದಿನ ಯಾವಾಗ ಓಡಿಸೋಣ ಅಂತ ಕೇಳುತ್ತಾರೆ.

ಯೂಟ್ಯೂಬ್‌ನಲ್ಲಿ ಅವಳ ಓಟಗಳನ್ನು ನೋಡಿದೆ. ಪ್ರತಿ ಸಲ ಕೊನೆಯಲ್ಲೇ ಇರುತ್ತಾಳೆ! ಮೊದಲೇ ಮುಂದೆ ಓಡಿಬಿಡಬಾರದೇ? ಇದು ಜಾಕಿಯ ನಾಟಕವೇ?

ನಾಟಕವಲ್ಲ, ಅವಳ ದೇಹವೇ ಹಾಗೆ. ಹೆಗಲ ಹತ್ತಿರ ಅಳೆದರೆ 17 ಹ್ಯಾಂಡ್‌ಗೂ ಹೆಚ್ಚು, ಅಂದರೆ 173 ಸೆಂಟಿಮೀಟರ್ ದಾಟಿದ ಎತ್ತರ. ಸಾಧಾರಣ ಥರೋಬ್ರೆಡ್ 16 ಹ್ಯಾಂಡ್ ಆಸುಪಾಸು. ಇಷ್ಟು ದೊಡ್ಡ ಮೈ ನಿಂತಲ್ಲಿಂದ ಚಿಮ್ಮುವುದಿಲ್ಲ. ಒಮ್ಮೆ ವೇಗ ಹಿಡಿದರೆ ಇಳಿಯುವುದೂ ಇಲ್ಲ.

ಓಡುವ ಕುದುರೆಯ ಉಸಿರಾಟದ ಬಗ್ಗೆ ಒಂದು ಸಂಗತಿ ಹೇಳುತ್ತೇನೆ, ರೇಸ್ ನೋಡುವ ಕಣ್ಣೇ ಬದಲಾಗುತ್ತದೆ. ನಾಗಾಲೋಟದಲ್ಲಿರುವ ಕುದುರೆ ಒಂದು ಹೆಜ್ಜೆಗೆ ಒಂದೇ ಉಸಿರು ತೆಗೆದುಕೊಳ್ಳುತ್ತದೆ. ಮುಂಗಾಲು ನೆಲಕ್ಕೆ ಬಿದ್ದಾಗ ಉಸಿರು ಹೊರಗೆ, ಮೈ ನೀಳವಾದಾಗ ಒಳಗೆ. ನಮ್ಮ ಹಾಗೆ ಸುಸ್ತಾದಾಗ ಎರಡು ಉಸಿರು ಜಾಸ್ತಿ ಎಳೆದುಕೊಳ್ಳುವ ಸ್ವಾತಂತ್ರ್ಯ ಅದಕ್ಕಿಲ್ಲ. ಬಾಯಿಂದ ಉಸಿರಾಡಲಂತೂ ಬರುವುದೇ ಇಲ್ಲ, ಎಲ್ಲ ಮೂಗಿನಿಂದಲೇ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಮೂವತ್ತು ನಲವತ್ತು ಸಲ ಬಡಿಯುವ ಹೃದಯ ಓಟದಲ್ಲಿ 220ರ ಮೇಲೆ ಹೋಗುತ್ತದೆ. ಗುಲ್ಮ ಹಿಂಡಿಕೊಂಡು ತಾನು ಕೂಡಿಟ್ಟ ಕೆಂಪು ರಕ್ತಕಣಗಳನ್ನೆಲ್ಲ ರಕ್ತಕ್ಕೆ ಸುರಿಯುತ್ತದೆ. ಇಷ್ಟಾದರೂ ಶಕ್ತಿಗೆ ಒಂದು ಮಿತಿ ಇದೆ. ಮೊದಲ ನಾಲ್ಕು ಫರ್ಲಾಂಗಿನಲ್ಲಿ ಯಾರು ಎಷ್ಟು ಖರ್ಚು ಮಾಡಿದರು ಎನ್ನುವುದು ಕೊನೆಯ ಎರಡು ಫರ್ಲಾಂಗಿನಲ್ಲಿ ಗೊತ್ತಾಗುತ್ತದೆ. ಮುಂದಿದ್ದವರು ಅಲ್ಲಿ ನಿಧಾನವಾಗುತ್ತಾರೆ. ಝೆನ್ಯಾಟಾ ಇದ್ದಕ್ಕಿದ್ದಂತೆ ಹಾರಿ ಬಂದಂತೆ ಕಾಣುತ್ತದೆ. ಎಷ್ಟೋ ಸಲ ಅವಳು ಅದೇ ವೇಗದಲ್ಲಿದ್ದಾಳೆ, ಉಳಿದವರು ಕುಸಿಯುತ್ತಿದ್ದಾರೆ.

ಇದರಲ್ಲಿ ಅಪಾಯವೂ ಇದೆ. ಮುಂದಿನವರು ಬೇಕೆಂದೇ ನಿಧಾನವಾಗಿ ಓಡಿದರೆ ಅವರಲ್ಲೂ ಶಕ್ತಿ ಉಳಿದಿರುತ್ತದೆ, ಹಿಂದಿನಿಂದ ಬರುವವಳಿಗೆ ಹಿಡಿಯಲು ಏನೂ ಸಿಗುವುದಿಲ್ಲ. 2009ರ ಆಗಸ್ಟಿನಲ್ಲಿ ಡೆಲ್ ಮಾರ್‌ನ ಕ್ಲೆಮೆಂಟ್ ಹರ್ಷ್ ಓಟದಲ್ಲಿ ಹೀಗೇ ಆಯಿತು. ಅನಾಬಾಸ್ ಕ್ರಿಯೇಷನ್ ಎಂಬ ಕುದುರೆಯನ್ನು ಒಂದು ತಲೆಯ ಅಂತರದಲ್ಲಷ್ಟೇ ದಾಟಿದಳು. ಆ ವಿಡಿಯೊ ಹುಡುಕಿ ನೋಡಿ. ಸಾಂಟಾ ಅನಿಟಾದ ದೊಡ್ಡ ಗೆಲುವನ್ನು (ಅದರ ಮಾತು ಮುಂದೆ ಬರುತ್ತದೆ) ಎಲ್ಲರೂ ನೋಡುತ್ತಾರೆ. ಅವಳ ಓಟದ ಲೆಕ್ಕಾಚಾರ ಅರ್ಥವಾಗುವುದು ಈ ಚಿಕ್ಕ ಓಟದಲ್ಲಿ.

ಅವಳಿಗೆ ಬಿಯರ್ ಕುಡಿಸುತ್ತಿದ್ದರಂತೆ, ನಿಜವೇ? ಮತ್ತೆ ರೇಸಿಗೆ ಮುಂಚೆ ಕುಣಿಯುತ್ತಿದ್ದಳಂತೆ?

ಎರಡೂ ನಿಜ. ಬಿಯರ್ ಅಂದರೆ ಗಿನ್ನೆಸ್, ಐರ್ಲೆಂಡಿನ ಕಪ್ಪು ಬಿಯರು. ಶೆರಿಫ್ಸ್ ಕೊಡುತ್ತಿದ್ದರು, ಅವಳು ಚಪ್ಪರಿಸುತ್ತಿದ್ದಳು. ಮೇವಿಗೆ ಬಿಯರ್ ಬೆರೆಸುವುದು ಲಾಯಗಳ ಹಳೆಯ ರೂಢಿ. ಅರ್ಧ ಟನ್ ದಾಟಿದ ಪ್ರಾಣಿಗೆ ಒಂದು ಬಾಟಲಿ ಯಾವ ಲೆಕ್ಕ? ಅದರಿಂದ ಗೆದ್ದಳು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ನಿಮ್ಮ ಮನೆಯ ಹಸುವಿಗೆ ಪ್ರಯೋಗ ಮಾಡಲೂ ಹೋಗಬೇಡಿ.

ಕುಣಿತ ಅಂದರೆ ಪ್ಯಾಡಕ್ಕಿನಲ್ಲಿ, ಅಂದರೆ ಓಟಕ್ಕೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಅಂಗಳದಲ್ಲಿ, ಸುತ್ತು ಹಾಕುವಾಗ ಮುಂಗಾಲನ್ನು ನೀಳವಾಗಿ ಮುಂದೆ ಎತ್ತಿ, ನೆಲ ಕೆರೆದು, ಕತ್ತು ಬಿಲ್ಲಿನ ಹಾಗೆ ಬಾಗಿಸಿ ನಡೆಯುವುದು. ಸರ್ಕಸ್ಸಿನಲ್ಲಿ ತಿಂಗಳುಗಟ್ಟಲೆ ಕಲಿಸುವ ನಡಿಗೆಯನ್ನು ಇವಳು ಯಾರೂ ಕಲಿಸದೆ ಮಾಡುತ್ತಿದ್ದಳು. ಓಟಕ್ಕೆ ಮುಂಚೆ ಹೆದರಿ ಬೆವರುವ ಕುದುರೆಗಳನ್ನು ಬೇಕಾದಷ್ಟು ನೋಡಿದ್ದೇನೆ: ಕಿವಿ ಹಿಂದಕ್ಕೆ, ತೊಡೆಯ ಸಂದಿನಲ್ಲಿ ಬಿಳಿ ನೊರೆ, ಬಾಲ ಒಂದೇ ಸಮ ಆಡುತ್ತಿರುತ್ತದೆ. ಝೆನ್ಯಾಟಾಳ ಕಿವಿಗಳು ಮುಂದಕ್ಕೆ ನಿಮಿರಿರುತ್ತಿದ್ದವು. ಜನರ ಗದ್ದಲ ಅವಳಿಗೆ ಇಷ್ಟವಾಗುತ್ತಿತ್ತು ಅಂತ ಹೇಳಲು ನನಗೆ ಅಷ್ಟು ಸಾಕ್ಷಿ ಸಾಕು.

ನಾನು ಮೂವತ್ತು ವರ್ಷದಿಂದ ರೇಸ್ ನೋಡುತ್ತಿದ್ದೇನೆ. ನಿಮ್ಮ ಝೆನ್ಯಾಟಾ ಮನೆಯಂಗಳದ ಹುಲಿ. ಕ್ಯಾಲಿಫೋರ್ನಿಯಾದ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಅವವೇ ಹೆಣ್ಣು ಕುದುರೆಗಳನ್ನು ಸೋಲಿಸಿದ್ದು ಬಿಟ್ಟರೆ ಏನು ಮಾಡಿದಳು? ಅದೇ ಕಾಲದ ರೇಚಲ್ ಅಲೆಕ್ಸಾಂಡ್ರಾ ಇವಳಿಗಿಂತ ನೂರು ಪಾಲು ಮೇಲು.

ಸ್ವಾಮಿ, ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಮೊದಲು ಒಪ್ಪಿಬಿಡುತ್ತೇನೆ. 20 ಓಟಗಳಲ್ಲಿ 17 ಕ್ಯಾಲಿಫೋರ್ನಿಯಾದವು. ಆ ಕಾಲಕ್ಕೆ ಅಲ್ಲಿನ ದೊಡ್ಡ ರೇಸ್‌ಕೋರ್ಸ್‌ಗಳೆಲ್ಲ ಮಣ್ಣು ತೆಗೆದು ಸಿಂಥೆಟಿಕ್ ಹಾಸಿದ್ದವು. ಮರಳು, ರಬ್ಬರು, ನಾರು, ಮೇಣ ಬೆರೆಸಿದ ನೆಲ ಅದು. ವ್ಯಾನಿಟಿ, ಕ್ಲೆಮೆಂಟ್ ಹರ್ಷ್, ಲೇಡೀಸ್ ಸೀಕ್ರೆಟ್ ಎಂಬ ಓಟಗಳನ್ನು ಮೂರು ಮೂರು ಸಲ ಗೆದ್ದಳು: ವರ್ಷ ವರ್ಷ ಅದೇ ಹಾದಿ ಹಿಡಿದು ನಡೆದಳು. 2009ರ ಮೇ ತಿಂಗಳಲ್ಲಿ ಕೆಂಟಕಿಯ ಚರ್ಚಿಲ್ ಡೌನ್ಸ್ ರೇಸ್‌ಕೋರ್ಸ್‌ವರೆಗೆ ಹೋಗಿ, ಮಳೆಗೆ ಟ್ರ್ಯಾಕ್ ನೆನೆಯಿತೆಂದು ಓಡಿಸದೆ ವಾಪಸ್ ಕರೆತಂದರು. ಆಗ ನನಗೂ ಬೇಸರವಾಗಿತ್ತು.

ಉಳಿದರ್ಧ ಕೇಳಿ. ಅರ್ಕನ್ಸಾದ ಓಕ್‌ಲಾನ್ ಪಾರ್ಕ್ ಮಣ್ಣಿನ ಟ್ರ್ಯಾಕು. ಅಲ್ಲಿ 2008ರ ಏಪ್ರಿಲ್‌ನಲ್ಲಿ ಆ್ಯಪಲ್ ಬ್ಲಾಸಂ ಓಟ; ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಜಿಂಜರ್ ಪಂಚ್. ಜಾಕಿ ಮೈಕ್ ಸ್ಮಿತ್ ಮೊದಲ ಸಲ ಅವಳ ಬೆನ್ನೇರಿದ್ದೂ ಅಂದೇ. ನಿರಾಯಾಸವಾಗಿ ಗೆದ್ದಳು. 2010ರಲ್ಲಿ ಮತ್ತೆ ಅಲ್ಲೇ ಗೆದ್ದಳು. 2009ರ ವ್ಯಾನಿಟಿಯಲ್ಲಿ ಹ್ಯಾಂಡಿಕ್ಯಾಪರ್, ಅಂದರೆ ಯಾವ ಕುದುರೆ ಎಷ್ಟು ಭಾರ ಹೊರಬೇಕೆಂದು ನಿಗದಿ ಮಾಡುವವರು, ಅವಳ ಮೇಲೆ ಹೊರಿಸಿದ್ದು 129 ಪೌಂಡ್, ಅಂದರೆ 58 ಕಿಲೋ ಮೀರಿದ ಭಾರ. ದುರ್ಬಲರನ್ನು ಸೋಲಿಸುತ್ತಾಳೆ ಅನ್ನುವವರು ಆ ಭಾರದ ಮಾತೆತ್ತುವುದಿಲ್ಲ.

ಇನ್ನು 2009ರ ನವೆಂಬರ್ 7, ಕ್ಯಾಲಿಫೋರ್ನಿಯಾದ ಸಾಂಟಾ ಅನಿಟಾ, ಬ್ರೀಡರ್ಸ್ ಕಪ್ ಕ್ಲಾಸಿಕ್ ಎಂಬ ದೊಡ್ಡ ಓಟ. 1984ರಿಂದ ನಡೆಯುತ್ತಿದ್ದ ಆ ಓಟವನ್ನು ಅಲ್ಲಿಯವರೆಗೆ ಯಾವ ಹೆಣ್ಣು ಕುದುರೆಯೂ ಗೆದ್ದಿರಲಿಲ್ಲ. ಆ ವರ್ಷದ ಕೆಂಟಕಿ ಡರ್ಬಿ ಗೆದ್ದವನು, ಬೆಲ್ಮಾಂಟ್ ಗೆದ್ದವನು, ಯುರೋಪಿನಿಂದ ಬಂದವರು, ಎಲ್ಲ ಗಂಡು ಕುದುರೆಗಳ ನಡುವೆ ಇವಳೊಬ್ಬಳು. ಎಂದಿನಂತೆ ಕೊನೆಯಲ್ಲಿ ಉಳಿದು, ತಿರುವಿನಲ್ಲಿ ಗುಂಪಿನೊಳಗೆ ದಾರಿ ಮಾಡಿಕೊಂಡು ಹೊರಬದಿಗೆ ಬಂದು, ಜಿಯೋ ಪಾಂಟಿ ಎಂಬ ಗಂಡನ್ನು ಒಂದು ಲೆಂಗ್ತ್ (ಒಂದು ಕುದುರೆಯ ಮೈಯುದ್ದ) ಅಂತರದಲ್ಲಿ ಹಿಂದೆ ಹಾಕಿದಳು. ಇದನ್ನೂ ಮನೆಯಂಗಳ ಅನ್ನುವುದಾದರೆ ಅನ್ನಿ, ಆದರೆ ಅಂಗಳಕ್ಕೆ ಬಂದವರೆಲ್ಲ ಹುಲಿಗಳೇ.

ರೇಚಲ್ ಅಲೆಕ್ಸಾಂಡ್ರಾ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. 2009ರಲ್ಲಿ ಎಂಟಕ್ಕೆ ಎಂಟು ಗೆದ್ದಳು. ಕೆಂಟಕಿ ಓಕ್ಸ್ ಓಟದಲ್ಲಿ 20 ಲೆಂಗ್ತ್‌ಗೂ ಹೆಚ್ಚು ಅಂತರ. ಪ್ರೀಕ್‌ನೆಸ್ ಓಟದಲ್ಲಿ ಗಂಡುಗಳ ಮೇಲೆ ಗೆಲುವು, 1924ರ ನಂತರ ಹೆಣ್ಣಿಗೆ ಮೊದಲನೆಯದು. ಆ ವರ್ಷದ 'ಹಾರ್ಸ್ ಆಫ್ ದಿ ಇಯರ್' ಮತದಾನದಲ್ಲಿ ಅವಳಿಗೆ 130, ಝೆನ್ಯಾಟಾಗೆ 99. ನಾನು ಮತದಾರನಾಗಿದ್ದರೆ ನನ್ನ ಮತವೂ ರೇಚಲ್‌ಗೇ. ಇಡೀ ವರ್ಷ ಊರೂರು ಸುತ್ತಿ ಓಡಿದ್ದಕ್ಕೆ ಬೆಲೆ ಇರಬೇಕು. ಆದರೆ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಓಡಿಸುವುದಿಲ್ಲ ಎಂದು ಬ್ರೀಡರ್ಸ್ ಕಪ್ಪಿನಿಂದ ದೂರ ಉಳಿದದ್ದು ಅವಳ ಮಾಲೀಕರು. 2010ರ ಏಪ್ರಿಲ್‌ನಲ್ಲಿ ಇಬ್ಬರನ್ನೂ ಓಕ್‌ಲಾನ್‌ನಲ್ಲಿ ಎದುರುಬದುರು ನಿಲ್ಲಿಸಲು 50 ಲಕ್ಷ ಡಾಲರ್ ಬಹುಮಾನ ಇಟ್ಟರು. ಅದಕ್ಕೆ ಮುಂಚಿನ ತಯಾರಿ ಓಟದಲ್ಲೇ ರೇಚಲ್, ಝರ್ಡಾನಾ ಎಂಬ ಕುದುರೆಗೆ ಸೋತಳು, ಮುಖಾಮುಖಿ ರದ್ದಾಯಿತು. ಆ ಝರ್ಡಾನಾಳ ಟ್ರೇನರ್ ಯಾರು ಗೊತ್ತೇ? ಇದೇ ಶೆರಿಫ್ಸ್.

ಸೋತ ಓಟ ಶ್ರೇಷ್ಠ ಹೇಗಾಗುತ್ತದೆ ಸಾರ್? ಇದು ಬರಿ ಚಮತ್ಕಾರದ ಮಾತು ಅನಿಸಿತು. ವಿವರಿಸಿ. (ನಿವೃತ್ತ ಮೇಷ್ಟ್ರೊಬ್ಬರ ಪತ್ರ. ಇದೇ ಅರ್ಥದವು ಇನ್ನೂ ಬಹಳ ಬಂದಿವೆ.)

ಮೇಷ್ಟ್ರೇ, ಮೊದಲು ಆ ಓಟಕ್ಕೆ ಹೇಗೆ ಬಂದಳು ನೋಡಿ. 2009ರ ಕ್ಲಾಸಿಕ್ ಗೆದ್ದಾಗ ಅವಳ ಲೆಕ್ಕ 14ಕ್ಕೆ 14. ನಿವೃತ್ತಿ ಅಂತ ಮಾಲೀಕರು ಹೇಳಿಯೂ ಆಗಿತ್ತು. 1988ರಲ್ಲಿ ಪರ್ಸನಲ್ ಎನ್‌ಸೈನ್ ಎಂಬ ಹೆಣ್ಣು 13ಕ್ಕೆ 13 ಗೆದ್ದು ಮನೆಗೆ ಹೋಗಿದ್ದಳು. ಇಂದಿಗೂ ಅವಳ ಹೆಸರಿನ ಮುಂದೆ "ಅಜೇಯ" ಅನ್ನುವ ಪದ ಇದೆ. ಝೆನ್ಯಾಟಾಗೂ ಅದು ಖಾತ್ರಿಯಾಗಿತ್ತು. ಜನವರಿಯಲ್ಲಿ ಮಾಸ್ ದಂಪತಿ ಮನಸ್ಸು ಬದಲಿಸಿದರು. ಕುದುರೆ ಗಟ್ಟಿಮುಟ್ಟಾಗಿದೆ, ಓಡುವುದು ಅದಕ್ಕೆ ಖುಷಿ, ಇನ್ನೊಂದು ವರ್ಷ ಓಡಲಿ. ಸೊನ್ನೆ ಸೋಲಿನ ದಾಖಲೆಯನ್ನು ಪಣಕ್ಕಿಡಲು ಮಾಲೀಕರಿಗೆ ಎದೆ ಬೇಕು. ನಾನು ಕಂಡ ಮಾಲೀಕರಲ್ಲಿ ಹೆಚ್ಚಿನವರು ಗೆಲುವಿನ ಮಾರನೇ ದಿನವೇ ಸ್ಟಡ್ ಫಾರ್ಮಿಗೆ ಫೋನು ಹಚ್ಚುವವರು.

2010ರಲ್ಲಿ ಒಂದೊಂದಾಗಿ ಗೆದ್ದಳು. ಏಪ್ರಿಲ್‌ನಲ್ಲಿ ಹದಿನಾರು, ಸೈಟೇಷನ್ ಮತ್ತು ಸಿಗಾರ್ ಎಂಬ ದಿಗ್ಗಜರ ಸತತ ಗೆಲುವಿನ ಸಮ. ಜೂನ್‌ನಲ್ಲಿ ಹದಿನೇಳು. ಅಕ್ಟೋಬರಿಗೆ ಹತ್ತೊಂಬತ್ತು. ಆಮೇಲೆ ನವೆಂಬರ್ 6, ಚರ್ಚಿಲ್ ಡೌನ್ಸ್. ಅಲ್ಲಿ ಅವಳು ಹಿಂದೆಂದೂ ಓಡಿರಲಿಲ್ಲ. ನೆಲ ಮಣ್ಣು, ಹೊತ್ತು ಮುಳುಗಿ ದೀಪ ಹಾಕಿದ್ದರು, 70,000ಕ್ಕೂ ಹೆಚ್ಚು ಜನ. ದೂರ ಒಂದೂಕಾಲು ಮೈಲಿ, ಅಂದರೆ 10 ಫರ್ಲಾಂಗು. ಹನ್ನೆರಡು ಕುದುರೆಗಳಲ್ಲಿ ಅವಳೇ ಫೇವರಿಟ್.

ಗೇಟು ತೆರೆದಾಗ ಅವಳು ಹಿಂದುಳಿದದ್ದು ಎಂದಿನ ಹಾಗಲ್ಲ. ಮೊದಲ ಸಲ ಸ್ಟ್ಯಾಂಡ್ ಮುಂದೆ ಹಾದುಹೋಗುವಾಗ ಗುಂಪೇ ಬೇರೆ, ಇವಳೇ ಬೇರೆ ಅನ್ನುವಷ್ಟು ದೂರ ಬಿದ್ದಿತ್ತು. ಮಣ್ಣಿನ ಟ್ರ್ಯಾಕಿನಲ್ಲಿ ಹಿಂದಿರುವ ಕುದುರೆಯ ಕಷ್ಟವೇ ಬೇರೆ. ಮುಂದಿನ ಹನ್ನೊಂದು ಕುದುರೆಗಳ ಗೊರಸುಗಳು ಎಬ್ಬಿಸಿದ ಹೆಂಟೆ ಮುಖಕ್ಕೆ, ಎದೆಗೆ, ಮೂಗಿನ ಹೊಳ್ಳೆಗೆ ಹೊಡೆಯುತ್ತದೆ. ಒಂದು ಹೆಜ್ಜೆಗೆ ಒಂದೇ ಉಸಿರು ಅಂದೆನಲ್ಲ, ಆ ಉಸಿರಿನ ಜೊತೆ ಮಣ್ಣೂ ಬಂದರೆ ಏನಾಗುತ್ತದೆ ಯೋಚಿಸಿ. ಓಟ ಮುಗಿದ ಮೇಲೆ ಇಂಥ ಕುದುರೆಗಳ ಕಣ್ಣು ತೊಳೆದವರಿಗೆ ಗೊತ್ತು, ರೆಪ್ಪೆಯ ಒಳಗಿಂದ ಮರಳು ಬಟ್ಟೆಗೆ ಬರುತ್ತಲೇ ಇರುತ್ತದೆ. ಸಿಂಥೆಟಿಕ್ಕಿನಲ್ಲಿ ಅವಳಿಗೆ ಇದರ ಕಾಟ ಅಷ್ಟಿರಲಿಲ್ಲ.

ಹಿಂಬದಿಯ ನೇರದಲ್ಲಿ ನಿಧಾನವಾಗಿ ಗುಂಪಿಗೆ ತಾಗಿಕೊಂಡಳು. ಕೊನೆಯ ತಿರುವಿನಲ್ಲಿ ದಾರಿ ಸಿಗಲಿಲ್ಲ, ಸ್ಮಿತ್ ಒಮ್ಮೆ ತಡೆದು ಹೊರಕ್ಕೆ ಎಳೆಯಬೇಕಾಯಿತು. ಅಷ್ಟರಲ್ಲಿ ಬ್ಲೇಮ್ ಎಂಬ ಗಂಡು ಮುನ್ನುಗ್ಗಿಯಾಗಿತ್ತು. ಅವನೇನು ಸಾಮಾನ್ಯನಲ್ಲ, ಅದೇ ವರ್ಷ ಇದೇ ಟ್ರ್ಯಾಕಿನಲ್ಲಿ ಸ್ಟೀಫನ್ ಫಾಸ್ಟರ್ ಓಟ ಗೆದ್ದಿದ್ದ, ಸಾರಟೋಗಾದಲ್ಲಿ ವಿಟ್ನಿ ಓಟ ಗೆದ್ದಿದ್ದ. ಜಾಕಿ ಗ್ಯಾರೆಟ್ ಗೋಮೆಜ್. ಝೆನ್ಯಾಟಾ ಹೊರಬದಿಯಿಂದ ಒಬ್ಬೊಬ್ಬರನ್ನೇ ನುಂಗುತ್ತ ಬಂದಳು. ಪ್ರತಿ ನೆಗೆತಕ್ಕೂ ಅಂತರ ಕರಗುತ್ತಿತ್ತು. ಗೆರೆಯಲ್ಲಿ ಒಂದು ತಲೆಯಷ್ಟು ಉಳಿಯಿತು.

ಇನ್ನು ಹತ್ತು ಗಜ ಇದ್ದಿದ್ದರೆ ಗೆಲ್ಲುತ್ತಿದ್ದಳು ಅಂತ ಅವಳ ಅಭಿಮಾನಿಗಳು ಇಂದಿಗೂ ಹೇಳುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಗೆರೆ ಎಲ್ಲಿತ್ತೋ ಅಲ್ಲಿತ್ತು, ಬ್ಲೇಮ್‌ಗೂ ಅದೇ ಗೆರೆ. ಅವನು ಗೆದ್ದ, ನ್ಯಾಯವಾಗಿ ಗೆದ್ದ. ನಾನು ಹೇಳುವುದು ಬೇರೆ. ಹತ್ತೊಂಬತ್ತು ಓಟಗಳಲ್ಲಿ ಅವಳು ಎಲ್ಲರನ್ನೂ ದಾಟಿದ ಮೇಲೆ ಕಿವಿ ನಿಮಿರಿಸಿಕೊಂಡು ವೇಗ ಇಳಿಸುತ್ತಿದ್ದಳು. ಅದಕ್ಕೇ ಅಂತರಗಳು ಎಷ್ಟೋ ಸಲ ಚಿಕ್ಕವು, ಅರ್ಧ ಲೆಂಗ್ತ್, ಒಂದು ಲೆಂಗ್ತ್. ಒಳಗೆ ಎಷ್ಟಿದೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಚರ್ಚಿಲ್ ಡೌನ್ಸ್‌ನಲ್ಲಿ ಒಗ್ಗದ ನೆಲ, ಕೆಟ್ಟ ಆರಂಭ, ಮುಚ್ಚಿದ ದಾರಿ, ಎದುರಿಗೆ ದೇಶದ ಅತ್ಯುತ್ತಮ ಗಂಡು. ಅಂದು ಮಾತ್ರ ಕೊನೆಯ ಹೆಜ್ಜೆಯವರೆಗೂ ಕಿವಿ ಹಿಂದಕ್ಕೆ ಒತ್ತಿಕೊಂಡು ಓಡಿದಳು. ವೈದ್ಯನಾಗಿ ನನಗೆ ಅವಳ ಹೃದಯ ಮತ್ತು ಶ್ವಾಸಕೋಶ ಏನು ಅನ್ನುವುದು ತಿಳಿದದ್ದು ಆ ಎರಡು ನಿಮಿಷದಲ್ಲಿ.

ಆ ವರ್ಷದ ಹಾರ್ಸ್ ಆಫ್ ದಿ ಇಯರ್ ಅವಳಿಗೇ ಬಂತು, ಬ್ಲೇಮ್‌ಗೆ 102 ಮತ, ಇವಳಿಗೆ 128. ಅವಳನ್ನು ಸೋಲಿಸಿದ ಕುದುರೆಯನ್ನು ಬಿಟ್ಟು ಅವಳಿಗೆ ಕೊಟ್ಟದ್ದು ಸರಿಯೇ ಅಂತ ವಾದ ಮಾಡುವವರು ಮಾಡಲಿ. ಹಿಂದಿನ ಎರಡು ವರ್ಷ ಕೊಡದ್ದನ್ನು ಸೇರಿಸಿ ಕೊಟ್ಟರು ಎಂದೇ ನನ್ನ ಅನುಮಾನ.

ಜಾಕಿ ಮೈಕ್ ಸ್ಮಿತ್ ತನ್ನ ತಪ್ಪಿನಿಂದ ಸೋತಳು ಎಂದು ಅತ್ತನಂತೆ. ನಿಜಕ್ಕೂ ಅವನ ತಪ್ಪೇ?

ಅತ್ತದ್ದು ನಿಜ, ಪತ್ರಕರ್ತರ ಮುಂದೆಯೇ. ತಪ್ಪು ಅಂತ ನನಗನಿಸುವುದಿಲ್ಲ. ಆರಂಭದಲ್ಲಿ ಅವಳನ್ನು ಚಾಟಿಯಿಂದ ಎಬ್ಬಿಸಿ ಗುಂಪಿಗೆ ಹಚ್ಚಿದ್ದರೆ ಕೊನೆಯ ಫರ್ಲಾಂಗಿಗೆ ಏನೂ ಉಳಿಯುತ್ತಿರಲಿಲ್ಲ. ನೆಲಕ್ಕೆ ಅವಳು ಹೊಂದಿಕೊಳ್ಳುವವರೆಗೆ ಕಾದ. ಹಾಗೆ ಕಾದದ್ದರಿಂದಲೇ ಸೋಲು ಒಂದು ತಲೆಯದಾಯಿತು, ಐದು ಲೆಂಗ್ತ್‌ನದಾಗಲಿಲ್ಲ.

ಒಟ್ಟು ಎಷ್ಟು ದುಡ್ಡು ಗೆದ್ದಳು? ಜಾಕಿಗೆ ಎಷ್ಟು?

73,04,580 ಡಾಲರ್. ಗೆದ್ದ ಕುದುರೆಯ ಬಹುಮಾನದಲ್ಲಿ ಶೇಕಡಾ 10ರಷ್ಟು ಜಾಕಿಗೆ ಹೋಗುವುದು ಅಲ್ಲಿನ ರೂಢಿ, ಟ್ರೇನರಿಗೂ ಸುಮಾರು ಅಷ್ಟೇ. ಹುಳುಕಡ್ಡಿ ನೋಡಿ 60,000 ಡಾಲರಿಗೂ ಕೈ ಎತ್ತದ ಖರೀದಿದಾರರ ಮುಖ ನೆನಪಿಸಿಕೊಳ್ಳಿ.

ನೀವು ಪ್ರಾಣಿವೈದ್ಯರು. ರೇಸ್ ಎನ್ನುವುದು ಜೂಜು ಮತ್ತು ಹಿಂಸೆ. ಅದನ್ನು ಹೀಗೆ ಹೊಗಳಿ ಬರೆಯಲು ನಿಮಗೆ ಸಂಕೋಚವಿಲ್ಲವೇ?

ಈ ಪತ್ರ ಬರೆದ ತಾಯಿಗೆ ಕೈಮುಗಿದು ಉತ್ತರಿಸುತ್ತೇನೆ. ಝೆನ್ಯಾಟಾ ಓಕ್‌ಲಾನ್‌ನಲ್ಲಿ ಗೆದ್ದ ಮುಂದಿನ ತಿಂಗಳೇ, 2008ರ ಮೇ ತಿಂಗಳಲ್ಲಿ, ಕೆಂಟಕಿ ಡರ್ಬಿಯಲ್ಲಿ ಏಯ್ಟ್ ಬೆಲ್ಸ್ ಎಂಬ ಮೂರು ವರ್ಷದ ಹೆಣ್ಣು ಗಂಡುಗಳ ನಡುವೆ ಎರಡನೆಯವಳಾಗಿ ಬಂದಳು. ಗೆರೆ ದಾಟಿ ವೇಗ ಇಳಿಸುತ್ತಿದ್ದಾಗ ಎರಡೂ ಮುಂಗಾಲುಗಳ ಗಿಣ್ಣು ಮುರಿದು ಕುಸಿದಳು. ಟ್ರ್ಯಾಕಿನ ಮೇಲೇ ದಯಾಮರಣ ಕೊಟ್ಟರು. ಟಿವಿಯಲ್ಲಿ ಕೋಟ್ಯಂತರ ಜನ ನೋಡಿದರು. ಸಿಂಥೆಟಿಕ್ ಟ್ರ್ಯಾಕ್ ಬಂದದ್ದೇ ಇಂಥ ಸಾವು ಕಡಿಮೆ ಮಾಡಲೆಂದು. ಸಾಂಟಾ ಅನಿಟಾ 2010ರ ಕೊನೆಗೆ ಮತ್ತೆ ಮಣ್ಣಿಗೆ ಮರಳಿತು, 2019ರಲ್ಲಿ ಅಲ್ಲಿ ಸಾಲು ಸಾಲಾಗಿ ಕುದುರೆಗಳು ಸತ್ತು ದೇಶಾದ್ಯಂತ ಕೂಗೆದ್ದಿತು.

ಮುರಿದ ಕಾಲಿನ ಕುದುರೆಯ ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಚುಚ್ಚಿದವನು ನಾನು. ಆ ಕೆಲಸ ಮಾಡಿದ ರಾತ್ರಿ ರೇಸು ನಿಲ್ಲಲಿ ಅಂತಲೇ ಅನಿಸುತ್ತದೆ. ಬೆಳಗ್ಗೆ ಐದಕ್ಕೆ ಟ್ರ್ಯಾಕಿಗೆ ಬಂದು, ಯಾರೂ ಬೆನ್ನ ಮೇಲಿಲ್ಲದಾಗಲೂ ಬೇಲಿಯುದ್ದಕ್ಕೂ ಒಂದರೊಡನೊಂದು ಪೈಪೋಟಿಗೆ ಬಿದ್ದು ಓಡುವ ಮರಿಗಳನ್ನು ನೋಡಿದರೆ ಬೇರೆ ಅನಿಸುತ್ತದೆ. ಇವೆರಡನ್ನೂ ಹೊಂದಿಸಲು ನನ್ನಿಂದ ಆಗಿಲ್ಲ. ಕಾಯುವ ಟ್ರೇನರನ್ನು, ನೆನೆದ ಟ್ರ್ಯಾಕಿನಿಂದ ಕುದುರೆ ವಾಪಸ್ ತರುವ ಮಾಲೀಕರನ್ನು ಹೊಗಳುವುದಷ್ಟು ಮಾಡುತ್ತೇನೆ. ಮೇಲೆ ಒಬ್ಬರು ಮನೆಯಂಗಳದ ಹುಲಿ ಎಂದು ಅಣಕಿಸಿದರಲ್ಲ, ಆ ಎಚ್ಚರಿಕೆಯಿಂದಲೇ ಝೆನ್ಯಾಟಾ 20 ಓಟ ಮುಗಿಸಿ ನಾಲ್ಕು ಗಟ್ಟಿ ಕಾಲಿನ ಮೇಲೆ ಮನೆಗೆ ಹೋದಳು. ಜೂಜಿನ ಬಗ್ಗೆ ನಾನು ಏನೂ ಹೇಳಲಾರೆ, ನಾನು ಟಿಕೆಟ್ ತೆಗೆಯುವವನಲ್ಲ.

ಅವಳ ಮಕ್ಕಳೂ ಚಾಂಪಿಯನ್ ಆದರೇ? ನಮ್ಮಲ್ಲಿ "ತಾಯಿಯಂತೆ ಕರು" ಎನ್ನುತ್ತೇವಲ್ಲ?

ಇಲ್ಲ. 2010ರ ಡಿಸೆಂಬರಿನಲ್ಲಿ ಅವಳನ್ನು ಕೆಂಟಕಿಯ ಲೇನ್ಸ್ ಎಂಡ್ ಫಾರ್ಮಿಗೆ ಕರೆದೊಯ್ದರು. ಹಾದಿಯುದ್ದಕ್ಕೂ ಸುದ್ದಿ, ಅಭಿಮಾನಿಗಳು. 2012ರಲ್ಲಿ ಬರ್ನಾರ್ಡಿನಿ ಎಂಬ ಗಂಡಿನಿಂದ ಮೊದಲ ಮರಿ, ಕಾಸ್ಮಿಕ್ ವನ್. 2013ರಲ್ಲಿ ಟಾಪಿಟ್‌ನಿಂದ ಝಿಕಾನಿಕ್. ಎರಡೂ ಗಂಡು, ಎರಡಕ್ಕೂ ರಾಜಕುಮಾರರ ಉಪಚಾರ, ಒಂದು ಓಟವನ್ನೂ ಗೆಲ್ಲಲಿಲ್ಲ. 2014ರಲ್ಲಿ ಹುಟ್ಟಿದ ಹೆಣ್ಣು ಮರಿ ಹುಲ್ಲುಗಾವಲಿನಲ್ಲಿ ಪೆಟ್ಟು ಮಾಡಿಕೊಂಡು ಸತ್ತಿತು. 2016ರಲ್ಲಿ ವಾರ್ ಫ್ರಂಟ್‌ನಿಂದ ಹುಟ್ಟಿದ ಗಂಡು ಮರಿ ಕೆಲವೇ ದಿನ ಬದುಕಿತ್ತು.

ಆ ಕೊನೆಯದಕ್ಕೆ ಕಾರಣ ಮೆಕೋನಿಯಂ. ಮರಿ ಹೊಟ್ಟೆಯಲ್ಲಿರುವಾಗ ಕರುಳಿನಲ್ಲಿ ಕಟ್ಟಿಕೊಂಡ ಮೊದಲ ಮಲ ಅದು, ಹುಟ್ಟಿದ ಮೇಲೆ ಹೊರಬರಬೇಕಾದದ್ದು. ಪ್ರಸವದ ಒತ್ತಡಕ್ಕೆ ಮರಿ ಒಳಗೇ ವಿಸರ್ಜಿಸಿ, ಆ ನೀರನ್ನೇ ಶ್ವಾಸಕೋಶಕ್ಕೆ ಎಳೆದುಕೊಂಡರೆ ಮುಗಿಯಿತು. ನಾನು ಇಂಥ ಹೆರಿಗೆ ಮಾಡಿಸಿದ್ದೇನೆ. ಹಿಂದಿನ ಸಂಜೆಯೇ ಮೊಲೆತೊಟ್ಟಿನ ತುದಿಯಲ್ಲಿ ಮೇಣದ ಹನಿ ಕಟ್ಟಿರುತ್ತದೆ, ಇಂದು ರಾತ್ರಿ ಅಂತ ಗೊತ್ತಾಗುತ್ತದೆ. ಕುದುರೆಗಳು ಹೆಚ್ಚಾಗಿ ಹೆರುವುದೇ ರಾತ್ರಿ. ಚೀಲ ಒಡೆದಾಗ ಬರುವ ನೀರು ತಿಳಿಯಾಗಿರಬೇಕು. ಅದು ಹಳದಿ ಕಂದಾಗಿದ್ದು, ಮರಿಯ ಮೈಯೂ ಅದೇ ಬಣ್ಣಕ್ಕೆ ತಿರುಗಿದ್ದರೆ ಲಾಯದಲ್ಲಿ ಎಲ್ಲರೂ ಮಾತು ನಿಲ್ಲಿಸುತ್ತಾರೆ. ಟ್ಯೂಬು ಹಾಕಿ ಎಳೆಯುವುದು, ಆಮ್ಲಜನಕ ಕೊಡುವುದು, ಆ್ಯಂಟಿಬಯಾಟಿಕ್ಕು. ಬದುಕಿದ್ದೂ ಇದೆ, ಹೋದದ್ದೂ ಇದೆ. ತಾಯಿ ಚಾಂಪಿಯನ್ನೋ ಅಲ್ಲವೋ ಎಂದು ಆ ನೀರು ಕೇಳುವುದಿಲ್ಲ.

ತಾಯಿಯಂತೆ ಯಾಕಾಗಲಿಲ್ಲ ಅನ್ನುವುದಕ್ಕೆ ಉತ್ತರ ಲೆಕ್ಕದಲ್ಲಿದೆ. ಥರೋಬ್ರೆಡ್‌ಗಳಲ್ಲಿ ಕೃತಕ ಗರ್ಭಧಾರಣೆಗೆ ಅನುಮತಿಯಿಲ್ಲ, ಬೇರೆ ಕುದುರೆಯ ಗರ್ಭ ಬಳಸುವ ಹಾಗೂ ಇಲ್ಲ. ಹೆಣ್ಣು ಹನ್ನೊಂದು ತಿಂಗಳು ಹೊತ್ತು ವರ್ಷಕ್ಕೆ ಒಂದು ಮರಿ ಹಾಕಬೇಕು, ಅದೂ ಪ್ರತಿ ವರ್ಷ ನಿಲ್ಲುವುದಿಲ್ಲ. ಬೇಡಿಕೆಯ ಗಂಡು ಒಂದೇ ಋತುವಿನಲ್ಲಿ ನೂರಕ್ಕೂ ಹೆಚ್ಚು ಹೆಣ್ಣುಗಳನ್ನು ಕೂಡುತ್ತಾನೆ. ಗಂಡಿಗೆ ಸಾವಿರ ಚೀಟಿಯ ಲಾಟರಿ, ಹೆಣ್ಣಿಗೆ ಹತ್ತು. ಸ್ಟ್ರೀಟ್ ಕ್ರೈ ಅಮೆರಿಕಕ್ಕೂ ಆಸ್ಟ್ರೇಲಿಯಾಕ್ಕೂ ಋತು ನೋಡಿಕೊಂಡು ಓಡಾಡುತ್ತಿದ್ದ. ಅವನಿಗೆ ಝೆನ್ಯಾಟಾ ಹುಟ್ಟಿದಳು, 2007ರ ಕೆಂಟಕಿ ಡರ್ಬಿ ಗೆದ್ದ ಸ್ಟ್ರೀಟ್ ಸೆನ್ಸ್ ಹುಟ್ಟಿದ, ಆಸ್ಟ್ರೇಲಿಯಾದಲ್ಲಿ ಸತತ 33 ಓಟ ಗೆದ್ದ ವಿಂಕ್ಸ್ ಕೂಡ ಅವನ ಮಗಳೇ. ಅವನ ಉಳಿದ ನೂರಾರು ಮಕ್ಕಳ ಹೆಸರು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಾಗುವುದಿಲ್ಲ.

ಕಾಸ್ಮಿಕ್ ವನ್ ರೇಸು ಬಿಟ್ಟ ಮೇಲೆ ಅವನನ್ನು ಹೊಸದಾಗಿ ಪಳಗಿಸಿ, ಬೇಲಿ ಹಾರುವ ಸ್ಪರ್ಧೆಗಳಿಗೆ ತಯಾರು ಮಾಡಿದರು. ಅಲ್ಲಿ ಅವನ ತಾಯಿ ಯಾರು ಎನ್ನುವುದಕ್ಕೆ ಅಂಕ ಕೊಡುವವರಿಲ್ಲ.